ತಿರುಳು ತೆರೆದುಕೊಂಡ ಹಲ್ಲಿಗೆ ಯಾವುದನ್ನು ಇಡಿಸಬೇಕು? ಡೈಕಲ್, ಎಂಟಿಎ, ಬಯೋಡೆಂಟಿನ್, ಯಾವುದು ಯಾಕೆ?

ಕಡೂರಿನ ಅಮ್ಮ · ಗುರುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಮಗನಿಗೆ 15 ವರ್ಷ, ಎಸ್‌ಎಸ್‌ಎಲ್‌ಸಿ. ಕೆಳಗಡೆ ಬಲಭಾಗದ ದವಡೆ ಹಲ್ಲು ಹುಳುಕಾಗಿದೆ. ಬಾಯಿ ತೆರೆಸಿ ಟಾರ್ಚ್ ಹಿಡಿದು ನೋಡಿದರೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ, ಅಷ್ಟೇ. ಎಕ್ಸ್‌ರೇ ನೋಡಿದಾಗ ಮಾತ್ರ ಎದೆ ಧಸಕ್ ಅಂತು. ಒಳಗೆ ಅಷ್ಟು ದೊಡ್ಡ ಪೊಳ್ಳು. ಐಸ್‌ಕ್ರೀಮ್ ತಿಂದರೆ ಜುಮ್ ಅನ್ನುತ್ತದಂತೆ, ಎರಡು ಮೂರು ಸೆಕೆಂಡಿಗೆ ಹೋಗಿಬಿಡುತ್ತದಂತೆ. ರಾತ್ರಿ ನೋವಿಲ್ಲ, ನಿದ್ದೆ ಚೆನ್ನಾಗಿ ಮಾಡುತ್ತಾನೆ.

ನಮ್ಮ ಡೆಂಟಿಸ್ಟ್ ಸೋಮವಾರ ಬರೋಕೆ ಹೇಳಿದ್ದಾರೆ. "ಕೆರೆಯುವಾಗ ನರ ಕಾಣಿಸಿಕೊಂಡರೆ ಪಲ್ಪ್ ಕ್ಯಾಪಿಂಗ್ ಮಾಡೋಣ. ಡೈಕಲ್ ನನ್ನ ಹತ್ರ ಇದೆ. ಎಂಟಿಎ ಅಥವಾ ಬಯೋಡೆಂಟಿನ್ ಬೇಕಂದ್ರೆ ತರಿಸ್ತೀನಿ, ಖರ್ಚು ಜಾಸ್ತಿ. ಶನಿವಾರದೊಳಗೆ ಹೇಳಿ" ಅಂದರು. ಪಕ್ಕದ ಮನೆಯವರು "ನರ ಕಂಡಮೇಲೆ ರೂಟ್ ಕೆನಾಲೇ ಗತಿ" ಅಂತಾರೆ. ನಮ್ಮ ನಾದಿನಿ "ಕ್ಯಾಪ್ ಹಾಕಿಸಿಬಿಡಿ ಅತ್ತಿಗೆ" ಅಂತಾಳೆ. ದುಡ್ಡು ನೋಡಿಯೇ ಖರ್ಚು ಮಾಡುವ ಮನೆ ನಮ್ಮದು. ಆದರೆ ಆ ಹಲ್ಲು ಅವನಿಗೆ ಇನ್ನೂ ಅರವತ್ತು ವರ್ಷ ಬೇಕು. ಗೊತ್ತಿದ್ದವರು ಬಿಡಿಸಿ ಹೇಳಿ.

ದಂತವೈದ್ಯೆ ದಾವಣಗೆರೆ · ಗುರುವಾರ ರಾತ್ರಿ

ಅಮ್ಮಾ, ಮೊದಲು ಒಂದು ಗೊಂದಲ ಬಿಡಿಸೋಣ. ಕ್ಯಾಪ್ ಬೇರೆ, ಪಲ್ಪ್ ಕ್ಯಾಪಿಂಗ್ ಬೇರೆ. ನಿಮ್ಮ ನಾದಿನಿ ಹೇಳುವ ಕ್ಯಾಪ್ ಹಲ್ಲಿನ ಮೇಲೆ ಕೂರಿಸುವ ಟೋಪಿ. ಪಲ್ಪ್ ಕ್ಯಾಪಿಂಗ್ ಅಂದರೆ ಹಲ್ಲಿನ ಒಳಗೆ, ತಿರುಳು ಇಣುಕಿದ ಜಾಗದಲ್ಲಿ, ಗಸಗಸೆ ಕಾಳಿನಷ್ಟು ಗಾಯಕ್ಕೆ ಮುಚ್ಚಳ ಹಾಕುವುದು. ಮುಗಿದ ಮೇಲೆ ಹೊರಗಿಂದ ನೋಡಿದರೆ ಮಾಮೂಲಿ ಫಿಲ್ಲಿಂಗ್ ಥರಾನೇ ಕಾಣುತ್ತದೆ.

ಎಲ್ಲರೂ ನರ ಅಂತ ಕರೆಯುವುದು ತಿರುಳನ್ನು. ಅಲ್ಲಿ ನರ ಒಂದೇ ಇರುವುದಿಲ್ಲ. ರಕ್ತನಾಳಗಳಿವೆ, ಡೆಂಟಿನ್ (ತಿರುಳಿನ ಸುತ್ತ ಇರುವ ಹಲ್ಲಿನ ಗಟ್ಟಿ ಭಾಗ) ಕಟ್ಟುವ ಜೀವಕೋಶಗಳಿವೆ, ಅವು ಸತ್ತರೆ ಅವುಗಳ ಜಾಗಕ್ಕೆ ಬರಬಲ್ಲ ಕಾಂಡಕೋಶಗಳೂ ಇವೆ. ಗಾಯವಾದ ಜಾಗದಲ್ಲಿ ತಿರುಳು ತಾನೇ ಹೊಸ ಡೆಂಟಿನ್ ಕಟ್ಟಿಕೊಂಡು ಬಾಗಿಲು ಮುಚ್ಚಿಕೊಳ್ಳುತ್ತದೆ. ಇದಕ್ಕೆ ಡೆಂಟಿನ್ ಸೇತುವೆ ಅನ್ನುತ್ತೇವೆ. ಕಟ್ಟುವವರು ಒಳಗೇ ಇದ್ದಾರೆ. ನಾವು ಮೇಲಿಡುವ ವಸ್ತು ಅವರು ಕೆಲಸ ಮಾಡುವಷ್ಟು ಕಾಲ ಮಳೆ ನೀರು ಸೋರದ ಸೂರು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ವಸ್ತು ಯಾಕೆ ಒಳ್ಳೆಯದು ಅನ್ನುವುದು ತಾನಾಗಿಯೇ ತಿಳಿಯುತ್ತದೆ.

ನೀವು ಬರೆದ ಲಕ್ಷಣಗಳು ನನಗೆ ಧೈರ್ಯ ಕೊಡುತ್ತವೆ. ತಣ್ಣಗಿನದಕ್ಕೆ ಜುಮ್ ಅಂದು ತಕ್ಷಣ ಹೋಗುವುದು, ರಾತ್ರಿ ನೋವಿಲ್ಲದಿರುವುದು, ಇವೆಲ್ಲ ತಿರುಳು ಚೇತರಿಸಿಕೊಳ್ಳುವ ಸ್ಥಿತಿಯಲ್ಲಿದೆ ಅನ್ನುವುದರ ಗುರುತು. ನೋವು ತಾನಾಗಿ ಶುರುವಾಗಿ, ನಿಮಿಷಗಟ್ಟಲೆ ಇದ್ದು, ನಿದ್ದೆಯಿಂದ ಎಬ್ಬಿಸುವ ಹಾಗಿದ್ದರೆ ಮಾತೇ ಬೇರೆ ಇರುತ್ತಿತ್ತು.

ಇನ್ನೊಂದು ಮಾತು, ಇದು ಬಹಳ ಮುಖ್ಯ. ನಿಮ್ಮ ಡಾಕ್ಟ್ರನ್ನು ಹೀಗೆ ಕೇಳಿ: "ತಿರುಳು ತೆರೆಯದ ಹಾಗೆ ಮಾಡೋಕೆ ಆಗುತ್ತಾ?" ಹಿಂದೆ ನಾವೆಲ್ಲ ಕೊನೆಯ ಮೆತ್ತನೆ ಪದರದವರೆಗೂ ಕೆರೆದು ತೆಗೆಯುತ್ತಿದ್ದೆವು. ಈಗ ಹಾಗಲ್ಲ. ಅಂಚುಗಳನ್ನು ಪೂರ್ತಿ ಶುದ್ಧ ಮಾಡಿ, ತಿರುಳಿನ ನೆತ್ತಿಯ ಮೇಲಿನ ಸ್ವಲ್ಪ ಮೆತ್ತನೆ ಡೆಂಟಿನ್ ಹಾಗೇ ಬಿಟ್ಟು, ಮೇಲೆ ಗಟ್ಟಿಯಾಗಿ ಮುಚ್ಚುತ್ತೇವೆ. ಊಟ ಸಿಗದೆ ಒಳಗಿನ ಬ್ಯಾಕ್ಟೀರಿಯಾ ಸೊರಗುತ್ತವೆ. ಯುರೋಪಿನ ಎಂಡೋಡಾಂಟಿಕ್ ಸೊಸೈಟಿ 2019ರಲ್ಲಿ ಕೊಟ್ಟ ನಿಲುವಿನಲ್ಲೂ ಆಳವಾದ ಹುಳುಕಿಗೆ ಇದನ್ನೇ ಹೇಳಿದೆ. ಎಷ್ಟೇ ಒಳ್ಳೆಯ ಮುಚ್ಚಳವಿದ್ದರೂ ತೆರೆಯದ ಬಾಗಿಲಿಗೆ ಅದು ಸಮ ಅಲ್ಲ.

ತೀರ್ಥಹಳ್ಳಿ ಎಲೆ ಅಡಿಕೆ · ಶುಕ್ರವಾರ ಬೆಳಿಗ್ಗೆ

ಮೇಡಂ, ಡೈಕಲ್ ಅಂದರೆ ಸುಣ್ಣ ಅಂತ ನಮ್ಮ ಮಗಳು ಹೇಳಿದಳು, ಅವಳು ಬಿಡಿಎಸ್ ಓದುತ್ತಿದ್ದಾಳೆ. ನಿಜವಾ? ನಮ್ಮ ಅಜ್ಜಿ ಎಲೆಗೆ ಸುಣ್ಣ ಹಚ್ಚುವಾಗ ಹಲ್ಲುನೋವು ಬಂದ ಕಡೆಗೂ ಒಂಚೂರು ಒತ್ತಿಕೊಳ್ಳುತ್ತಿದ್ದರು. ಹಾಗಾದರೆ ಅವರು ಮಾಡಿದ್ದು ಸರಿನಾ?

ದಂತವೈದ್ಯೆ ದಾವಣಗೆರೆ · ಶುಕ್ರವಾರ ಬೆಳಿಗ್ಗೆ

ನಿಮ್ಮ ಮಗಳು ಹೇಳಿದ್ದು ನಿಜ. ಡೈಕಲ್‌ನ ಕೆಲಸಗಾರ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಸುಣ್ಣದ ಹರಳಿಗೆ ನೀರು ಹಾಕಿದಾಗ ಕುದ್ದು ಅರಳುತ್ತದಲ್ಲ, ಆ ಅರಳಿದ ಸುಣ್ಣವೇ. ಜರ್ಮನಿಯ ಹರ್ಮನ್ ಅನ್ನುವವರು 1920ರಲ್ಲಿ ಇದನ್ನು ಹಲ್ಲಿನ ಚಿಕಿತ್ಸೆಗೆ ತಂದರು. ಅಲ್ಲಿಂದ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ತಿರುಳು ಮುಚ್ಚೋಕೆ ಎಲ್ಲರೂ ಕೈ ಹಾಕುತ್ತಿದ್ದದ್ದು ಸುಣ್ಣಕ್ಕೇ.

ಆದರೆ ಅಜ್ಜಿ ಮಾಡಿದ್ದನ್ನು ದಯವಿಟ್ಟು ಯಾರೂ ಮಾಡಬೇಡಿ. ಸುಣ್ಣದ ಪಿಎಚ್, ಅಂದರೆ ಕ್ಷಾರ ಎಷ್ಟಿದೆ ಅನ್ನುವ ಅಳತೆ, ಸುಮಾರು 12.5. ನೀರಿನದು 7. ಒಸಡಿಗೆ, ಕೆನ್ನೆಗೆ ತಗುಲಿದರೆ ಸುಡುತ್ತದೆ. ನನ್ನ ಕ್ಲಿನಿಕ್ಕಿಗೆ ಒಸಡು ಬೆಳ್ಳಗೆ ಸಿಪ್ಪೆ ಎದ್ದು ಬಂದವರನ್ನು ನೋಡಿದ್ದೇನೆ, ಪಾಪ, ಎರಡು ದಿನ ಗಂಜಿ ಕುಡಿಯೋಕೂ ಆಗಿರಲಿಲ್ಲ. ಹುಳುಕಿನ ಕೊಳೆಯ ಮೇಲೆ ಹಚ್ಚಿದ ಸುಣ್ಣ ತಿರುಳಿನವರೆಗೆ ಹೋಗುವುದೂ ಇಲ್ಲ, ಒಂದು ಸಲ ಬಾಯಿ ಮುಕ್ಕಳಿಸಿದರೆ ಇರುವುದೂ ಇಲ್ಲ.

ತಿರುಳಿನ ಮೇಲೆ ಅದೇ ಕ್ಷಾರ ಬೇರೆ ಥರ ಕೆಲಸ ಮಾಡುತ್ತದೆ. ತಗುಲಿದ ಜಾಗದಲ್ಲಿ ತೆಳು ಪದರ ಸುಟ್ಟು ಸಾಯುತ್ತದೆ. ಅದರ ಕೆಳಗಿನ ಜೀವಂತ ಭಾಗ "ಗಾಯವಾಗಿದೆ, ಕಟ್ಟಬೇಕು" ಅಂತ ಎಚ್ಚರಗೊಳ್ಳುತ್ತದೆ. ಡೆಂಟಿನ್‌ನಲ್ಲಿ ಹುದುಗಿದ್ದ ಬೆಳವಣಿಗೆಯ ಪ್ರೋಟೀನ್‌ಗಳೂ ಬಿಡುಗಡೆಯಾಗುತ್ತವೆ. ಬ್ಯಾಕ್ಟೀರಿಯಾಗಳಿಗೆ ಅಷ್ಟು ಕ್ಷಾರದಲ್ಲಿ ಬದುಕೋದು ಕಷ್ಟ. ಇದಿಷ್ಟು ಸುಣ್ಣದ ಒಳ್ಳೆಯ ಗುಣ.

ಹುಬ್ಬಳ್ಳಿ ಹಳೇ ಡೆಂಟಿಸ್ಟ್ · ಶುಕ್ರವಾರ ಮಧ್ಯಾಹ್ನ

ನಾನು ಮೂವತ್ತೊಂದು ವರ್ಷದಿಂದ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಡೈಕಲ್ ಜೊತೆಗೇ ಬೆಳೆದವನು ಅನ್ನಬಹುದು. ಎರಡು ಸಣ್ಣ ಟ್ಯೂಬ್. ಪೇಪರ್ ಪ್ಯಾಡ್ ಮೇಲೆ ಎರಡನ್ನೂ ಸಮ ಸಮ, ಜೋಳದ ಕಾಳಿನಷ್ಟು ಹಿಂಡಬೇಕು. ತುದಿಯಲ್ಲಿ ಪುಟ್ಟ ಗುಂಡಿರುವ ಕಡ್ಡಿಯಿಂದ ಹತ್ತು ಸೆಕೆಂಡ್ ತಿರುವಿದರೆ ಎರಡು ಬಣ್ಣ ಹೋಗಿ ಒಂದಾಗುತ್ತದೆ. ಆ ಗುಂಡಿನ ತುದಿಗೆ ಹತ್ತಿದ ಒಂದು ಹನಿಯನ್ನು ಚುಕ್ಕೆಯ ಮೇಲೆ ಮುಟ್ಟಿಸಿದರೆ ತಾನೇ ಹರಡಿಕೊಂಡು ಕೂರುತ್ತದೆ. ಎರಡು ಮೂರು ನಿಮಿಷಕ್ಕೆ ಗಟ್ಟಿ. ಅಗ್ಗ, ಸುಲಭ, ಯಾವ ಮಷೀನೂ ಬೇಡ. ಹಾಗಾಗಿ ಅದನ್ನು ಬಿಡೋಕೆ ನನಗೂ ಮನಸ್ಸಿರಲಿಲ್ಲ.

ಆದರೂ ಬಿಟ್ಟೆ. ಯಾಕೆ ಅಂತ ಹೇಳುತ್ತೇನೆ. ಐದಾರು ವರ್ಷದ ಹಿಂದಿನ ಫಿಲ್ಲಿಂಗ್ ಕಿತ್ತು ಹೊಸದು ಹಾಕುವಾಗ ಕೆಳಗೆ ನಾನೇ ಇಟ್ಟಿದ್ದ ಡೈಕಲ್ ಹುಡುಕುತ್ತಿದ್ದೆ. ಎಷ್ಟೋ ಹಲ್ಲುಗಳಲ್ಲಿ ಅದು ಒದ್ದೆ ಸೀಮೆಸುಣ್ಣದ ಹಾಗೆ ಮೆತ್ತಗಾಗಿರುತ್ತಿತ್ತು. ಕೆಲವುದರಲ್ಲಿ ಜಾಗ ಖಾಲಿ. ಕರಗಿ ಹೋಗಿತ್ತು. ಅದಕ್ಕೆ ಡೆಂಟಿನ್‌ಗೆ ಅಂಟಿಕೊಳ್ಳುವ ಗುಣವೂ ಇಲ್ಲ, ಭಾರ ಹೊರುವ ಶಕ್ತಿಯೂ ಇಲ್ಲ. ಫಿಲ್ಲಿಂಗ್ ಅಂಚಿನಿಂದ ಒಂದು ಕೂದಲೆಳೆ ಸೋರಿದರೂ ಒಳಗೆ ಪೊಳ್ಳು ತಯಾರು.

ಸೇತುವೆ ಕಟ್ಟಿಕೊಂಡಿರುತ್ತದಲ್ಲ, ಇನ್ನೇನು ಭಯ ಅಂತ ನೀವು ಕೇಳಬಹುದು. ಸುಣ್ಣದ ಕೆಳಗೆ ಕಟ್ಟಿಕೊಂಡ ಸೇತುವೆಯಲ್ಲಿ ಸಣ್ಣ ಸಣ್ಣ ಸುರಂಗಗಳು ಉಳಿಯುತ್ತವೆ ಅನ್ನುವುದು ಮೈಕ್ರೋಸ್ಕೋಪ್ ಕೆಳಗೆ ನೋಡಿದವರಿಗೆ ಗೊತ್ತಾಗಿದೆ. ಸುಣ್ಣ ಕರಗಿತು, ಸೇತುವೆಯಲ್ಲಿ ತೂತು, ಮೇಲಿನ ಫಿಲ್ಲಿಂಗ್ ಸೋರಿತು. ಮೂರೂ ಸೇರಿದ ದಿನ ಹಲ್ಲು ಸದ್ದಿಲ್ಲದೆ ಸಾಯುತ್ತದೆ. ರೋಗಿಗೆ ಗೊತ್ತಾಗೋದು ಒಸಡಲ್ಲಿ ಕೀವಿನ ಗುಳ್ಳೆ ಎದ್ದಾಗ.

ಹಾಗಂತ ನಾನು ಹಾಕಿದ ಡೈಕಲ್‌ನಲ್ಲಿ ಇಪ್ಪತ್ತು ವರ್ಷ ಚೆನ್ನಾಗಿರುವ ಹಲ್ಲುಗಳೂ ಇವೆ. ಅವನ್ನು ನೋಡಿದಾಗೆಲ್ಲ ಖುಷಿಯಾಗುತ್ತದೆ. ಬೇರೇನೂ ಸಿಗದ ಊರಲ್ಲಿ ಡೈಕಲ್ ಇಟ್ಟರೆ ತಪ್ಪು ಅಂತ ನಾನಂತೂ ಹೇಳಲಾರೆ. ಗಾಯದ ಮೇಲೆ ಮಾತ್ರ, ತೆಳ್ಳಗೆ ಇಡಬೇಕು. ಇಡೀ ಗುಂಡಿಗೆ ಬಳಿಯಬಾರದು.

ಎಂಡಿಎಸ್ ಎರಡನೇ ವರ್ಷ · ಶುಕ್ರವಾರ ಸಂಜೆ

ಸರ್ ಹೇಳಿದ "ಕರಗುತ್ತದೆ" ಅನ್ನುವ ಕೊರತೆಗೆ ಉತ್ತರವಾಗಿ ಬಂದದ್ದು ಎಂಟಿಎ. ಪೂರ್ತಿ ಹೆಸರು ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್. ಅಮೆರಿಕದ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ಮಹಮೂದ್ ತೊರಾಬಿನೆಜಾದ್ ಮತ್ತು ಜೊತೆಗಾರರು 1993ರಲ್ಲಿ ಇದರ ಬಗ್ಗೆ ಮೊದಲು ಬರೆದರು. ಮೊದಲು ಬಳಸಿದ್ದು ಬೇರಿನಲ್ಲಿ ಆಗುವ ತೂತು ಮುಚ್ಚೋಕೆ, ಬೇರಿನ ತುದಿ ಮುಚ್ಚೋಕೆ. ತಿರುಳಿಗೆ ಬಂದದ್ದು ಆಮೇಲೆ.

ಅದರಲ್ಲಿ ಇರುವುದು ಏನು ಗೊತ್ತಾ? ಸುಮಾರು 75 ಭಾಗ ಪೋರ್ಟ್‌ಲ್ಯಾಂಡ್ ಸಿಮೆಂಟ್, 20 ಭಾಗ ಬಿಸ್ಮತ್ ಆಕ್ಸೈಡ್, 5 ಭಾಗ ಜಿಪ್ಸಂ. ಬಿಸ್ಮತ್ ಹಾಕುವುದು ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣಲಿ ಅಂತ. ನೀರು ಕಲಿಸಿದಾಗ ಸಿಮೆಂಟಿನ ಕ್ಯಾಲ್ಸಿಯಂ ಸಿಲಿಕೇಟ್ ಗಟ್ಟಿಯಾಗುತ್ತಾ ಪಕ್ಕದಲ್ಲೇ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಬಿಡುತ್ತದೆ. ಅಂದರೆ ಇದೂ ಕೊನೆಗೆ ಸುಣ್ಣವನ್ನೇ ಕೊಡುತ್ತದೆ. ಕಲಿಸಿದಾಗ ಪಿಎಚ್ 10.2, ಮೂರು ಗಂಟೆಯಲ್ಲಿ 12.5ಕ್ಕೆ ಏರುತ್ತದೆ. ವ್ಯತ್ಯಾಸ ಏನೆಂದರೆ ಸುಣ್ಣ ಕೊಡುವ ಕಲ್ಲು ಕರಗದೆ ಅಲ್ಲೇ ನಿಲ್ಲುತ್ತದೆ. ಹೊರಬಂದ ಕ್ಯಾಲ್ಸಿಯಂ ಮೈಯ ದ್ರವದಲ್ಲಿರುವ ಫಾಸ್ಫೇಟ್ ಜೊತೆ ಸೇರಿ ಹಲ್ಲಿನದೇ ಥರದ ಖನಿಜದ ಪದರವಾಗಿ ಡೆಂಟಿನ್ ಅಂಚಿನಲ್ಲಿ ಕೂರುತ್ತದೆ. ಸೋರುವ ಸಂದು ಹಾಗೆ ಮುಚ್ಚುತ್ತದೆ. ಕೆಳಗೆ ಕಟ್ಟಿಕೊಳ್ಳುವ ಸೇತುವೆಯೂ ಸುಣ್ಣದ್ದಕ್ಕಿಂತ ದಪ್ಪ, ತೂತು ಕಡಿಮೆ.

ಕಷ್ಟ ಇರುವುದು ಕೈಗೆ. ಮೂರು ಪಾಲು ಪುಡಿಗೆ ಒಂದು ಪಾಲು ನೀರು. ಗಾಜಿನ ಹಲಗೆ ಮೇಲೆ ಕಲಿಸಿದರೆ ಒದ್ದೆ ಮರಳಿನ ಹಾಗಿರುತ್ತದೆ. ನೀರು ಒಂಚೂರು ಜಾಸ್ತಿಯಾದರೆ ಹರಿಯುತ್ತದೆ, ಒಂಚೂರು ಆರಿದರೆ ಉದುರುತ್ತದೆ. ಮೊದಲ ವಾರ ನನ್ನ ಕೈಯಲ್ಲಿ ಅದು ಕಡ್ಡಿಗೇ ಅಂಟಿಕೊಂಡು ವಾಪಸ್ ಬರುತ್ತಿತ್ತು. ಮೂಲ ಎಂಟಿಎ ಗಟ್ಟಿಯಾಗೋಕೆ ಸುಮಾರು 2 ಗಂಟೆ 45 ನಿಮಿಷ. ಅಷ್ಟು ಹೊತ್ತು ರೋಗಿಯನ್ನು ಕುರ್ಚಿಯಲ್ಲಿ ಕೂರಿಸೋಕೆ ಆಗಲ್ಲ ಅಲ್ವಾ? ಅದಕ್ಕೆ ಒದ್ದೆ ಹತ್ತಿ ಇಟ್ಟು ತಾತ್ಕಾಲಿಕವಾಗಿ ಮುಚ್ಚಿ ಇನ್ನೊಂದು ದಿನ ಕರೆಯುತ್ತೇವೆ. ಇಲ್ಲವಾದರೆ ಅದರ ಮೇಲೆ ಗ್ಲಾಸ್ ಅಯಾನೋಮರ್ ಅನ್ನುವ ಫಿಲ್ಲಿಂಗ್ ವಸ್ತು ಹಾಕಿ ಅವತ್ತೇ ಮುಗಿಸುತ್ತೇವೆ.

ಹಾಸನ ಮೇಸ್ತ್ರಿ · ಶುಕ್ರವಾರ ರಾತ್ರಿ

ನಾನು ಹಲ್ಲಿನ ಡಾಕ್ಟ್ರಲ್ಲ, ಗಾರೆ ಕೆಲಸದವನು. ಮಗಳ ಹಲ್ಲಿನ ವಿಷಯಕ್ಕೆ ಇಲ್ಲಿ ಓದುತ್ತಿದ್ದೆ. ಒದ್ದೆ ಹತ್ತಿ ಇಡುತ್ತೇವೆ ಅಂದ್ರಲ್ಲ, ಅದು ನನಗೆ ಚೆನ್ನಾಗಿ ಅರ್ಥವಾಯ್ತು. ನಾವು ಮೋಲ್ಡ್ ಹಾಕಿದ ಮಾರನೇ ದಿನ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸುತ್ತೇವೆ, ಕಂಬಕ್ಕೆ ಒದ್ದೆ ಗೋಣಿಚೀಲ ಸುತ್ತುತ್ತೇವೆ. ಸಿಮೆಂಟ್ ಗಟ್ಟಿಯಾಗುವುದು ನೀರು ಕುಡಿದು. ಬಿಸಿಲಿಗೆ ಒಣಗಿದರೆ ಬಿರುಕು ಬಿಡುತ್ತದೆ, ಗಟ್ಟಿಯಾಗುವುದಿಲ್ಲ. ಬಾಯೊಳಗಿನ ಸಿಮೆಂಟಿಗೂ ಕ್ಯೂರಿಂಗ್ ಬೇಕು ಅಂತ ಗೊತ್ತಿರಲಿಲ್ಲ.

ಒಂದು ಪ್ರಶ್ನೆ. ಮುಕ್ಕಾಲು ಭಾಗ ನಮ್ಮ ಸಿಮೆಂಟೇ ಆದರೆ ಅಷ್ಟೊಂದು ದುಡ್ಡು ಯಾಕೆ? ಮೂಟೆ ಸಿಮೆಂಟ್ ಹಾಕಿದರೆ ಏನಾಗುತ್ತದೆ?

ಎಂಡಿಎಸ್ ಎರಡನೇ ವರ್ಷ · ಶುಕ್ರವಾರ ರಾತ್ರಿ

ಮೇಸ್ತ್ರಿಗಳೇ, ನಮ್ಮ ಪ್ರೊಫೆಸರ್ ಕ್ಲಾಸಿನಲ್ಲಿ ಹೇಳಿದ್ದಕ್ಕಿಂತ ನೀವು ಹೇಳಿದ್ದು ಚೆನ್ನಾಗಿ ಮನಸ್ಸಲ್ಲಿ ಉಳಿಯುತ್ತದೆ. ಈ ಗುಂಪಿನ ವಸ್ತುಗಳನ್ನು ನಾವು ಹೈಡ್ರಾಲಿಕ್ ಸಿಮೆಂಟ್ ಅಂತಲೇ ಕರೆಯುತ್ತೇವೆ. ಒದ್ದೆ ಜಾಗದಲ್ಲಿ ಗಟ್ಟಿಯಾಗುವುದೇ ಇವುಗಳ ದೊಡ್ಡ ಗುಣ, ಯಾಕೆಂದರೆ ತಿರುಳಿನ ಮೇಲೆ ಯಾವತ್ತೂ ಪಸೆ ಇದ್ದೇ ಇರುತ್ತದೆ.

ಮೂಟೆ ಸಿಮೆಂಟ್ ಆಗದು. ಸುಣ್ಣದಕಲ್ಲು, ಜೇಡಿಯಿಂದ ಮಾಡುವ ಸಿಮೆಂಟಿನಲ್ಲಿ ಸೀಸ, ಆರ್ಸೆನಿಕ್‌ನಂಥ ಲೋಹದ ಅಂಶ ಎಷ್ಟಿರುತ್ತದೆ ಅನ್ನುವುದಕ್ಕೆ ವೈದ್ಯಕೀಯ ಮಟ್ಟದ ಕಟ್ಟುನಿಟ್ಟಿಲ್ಲ. ಕಣಗಳು ದಪ್ಪ, ಒಂದೇ ಸಮ ಇರುವುದಿಲ್ಲ. ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ಶುದ್ಧ ಮಾಡಿ, ನುಣ್ಣಗೆ ಮಾಡಿ, ಪರೀಕ್ಷೆ ಮಾಡಿದ್ದಕ್ಕೆ ಆ ಬೆಲೆ. ಈಗ ಜಮ್ಮುವಿನಲ್ಲೇ ತಯಾರಾಗುವ ಎಂಟಿಎ ಕೂಡ ಸಿಗುತ್ತದೆ, ವಿದೇಶದ್ದೇ ಬೇಕು ಅಂತೇನಿಲ್ಲ.

ನಿಮಗೆ ಇಷ್ಟವಾಗುವ ಲೆಕ್ಕ ಒಂದಿದೆ. ನಿಮ್ಮ ಎಂ20 ಕಾಂಕ್ರೀಟ್ 28 ದಿನಕ್ಕೆ 20 ಮೆಗಾಪಾಸ್ಕಲ್ ಒತ್ತಡ ತಡೆಯಬೇಕು. ಎಂಟಿಎ 24 ಗಂಟೆಗೆ 40, ಮೂರು ವಾರಕ್ಕೆ ಸುಮಾರು 67. ಬಯೋಡೆಂಟಿನ್ ಒಂದೇ ದಿನಕ್ಕೆ 200 ದಾಟುತ್ತದೆ ಅಂತ ಕಂಪನಿಯ ಅಂಕಿ.

ಮೈಸೂರು ಓದುಗಿ · ಶನಿವಾರ ಬೆಳಿಗ್ಗೆ

ನನ್ನ ಅನುಭವ ಹೇಳುತ್ತೇನೆ, ಬೇರೆಯವರಿಗಾದರೂ ಉಪಯೋಗವಾಗಲಿ. ಸ್ಕೂಟರಿಂದ ಬಿದ್ದು ಮುಂದಿನ ಮೇಲ್ಹಲ್ಲು ಮುರಿದಿತ್ತು. ಒಂದು ಕ್ಲಿನಿಕ್ಕಿನಲ್ಲಿ ಎಂಟಿಎ ಇಟ್ಟು ಹಲ್ಲು ಕಟ್ಟಿಕೊಟ್ಟರು. ನೋವಿಲ್ಲ, ಹಲ್ಲು ಜೀವಂತವಾಗಿದೆ. ಆದರೆ ವರ್ಷದೊಳಗೆ ಹಲ್ಲು ಬೂದಿ ಬಣ್ಣಕ್ಕೆ ತಿರುಗಿತು. ಹೀಗಾಗಬಹುದು ಅಂತ ಒಂದು ಮಾತು ಮೊದಲೇ ಹೇಳಿದ್ದರೆ ಸಾಕಿತ್ತು. ಎರಡು ವರ್ಷ ಫೋಟೊದಲ್ಲಿ ಬಾಯಿ ಮುಚ್ಚಿಕೊಂಡೇ ನಿಂತಿದ್ದೇನೆ.

ದಂತವೈದ್ಯೆ ದಾವಣಗೆರೆ · ಶನಿವಾರ ಮಧ್ಯಾಹ್ನ

ಓದಿ ಬೇಜಾರಾಯ್ತು. ಅದು ಬಿಸ್ಮತ್ ಆಕ್ಸೈಡ್‌ನ ಕೆಲಸ. ಎಕ್ಸ್‌ರೇಗೆ ಕಾಣಲಿ ಅಂತ ಹಾಕಿದ್ದೇ ಬೆಳಕು, ರಕ್ತ, ತಿರುಳು ತೊಳೆಯುವ ಹೈಪೋಕ್ಲೋರೈಟ್ ಇವುಗಳ ಜೊತೆ ಸೇರಿ ಕಪ್ಪಾಗುತ್ತದೆ. ಬೂದು ಎಂಟಿಎ ಬದಲು 2002ರ ಹೊತ್ತಿಗೆ ಬಿಳಿ ಎಂಟಿಎ ಬಂದರೂ ಅದರಲ್ಲೂ ಬಿಸ್ಮತ್ ಇತ್ತು, ತೊಂದರೆ ಪೂರ್ತಿ ಹೋಗಲಿಲ್ಲ. ಅದಕ್ಕೇ ಮುಂದಿನ ಹಲ್ಲಿಗೆ ಬಿಸ್ಮತ್ ಇರುವ ಎಂಟಿಎಯನ್ನು ನಾನು ಮುಟ್ಟುವುದಿಲ್ಲ. ನಿಮ್ಮ ಹಲ್ಲು ಜೀವಂತ ಇರುವುದರಿಂದ ಸುಮ್ನೆ ಕೆರೆಸೋಕೆ ಹೋಗಬೇಡಿ. ಒಳಗಿನದನ್ನು ಮುಟ್ಟದೆ ಮುಂಭಾಗಕ್ಕೆ ತೆಳು ಪದರ ಕೊಟ್ಟು ಬಣ್ಣ ಮರೆಮಾಡಬಹುದು. ಅದನ್ನು ವಿಚಾರಿಸಿ.

ಬಯೋಡೆಂಟಿನ್ ಬಗ್ಗೆ ಕಡೂರಿನವರಿಗೆ ಹೇಳಬೇಕಿತ್ತು. ಫ್ರಾನ್ಸಿನ ಸೆಪ್ಟೊಡಾಂಟ್ ಕಂಪನಿಯದು. ಇದೂ ಅದೇ ಕುಲದ್ದು, ಟ್ರೈಕ್ಯಾಲ್ಸಿಯಂ ಸಿಲಿಕೇಟ್. ಆದರೆ ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಇದೆ, ಹಾಗಾಗಿ ಬಣ್ಣ ತಿರುಗುವ ಭಯ ಬಹಳ ಕಡಿಮೆ. ದ್ರವದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಇರುವುದರಿಂದ ಬೇಗ ಹಿಡಿದುಕೊಳ್ಳುತ್ತದೆ. ಕಂಪನಿ ಹೇಳುವುದು ಸುಮಾರು 12 ನಿಮಿಷ. ಪುಡಿಯ ಕ್ಯಾಪ್ಸೂಲ್ ತೆರೆದು ಐದು ಹನಿ ದ್ರವ ಹಾಕಿ, ಮಷೀನಿನಲ್ಲಿ 30 ಸೆಕೆಂಡ್ ಕುಲುಕಿದರೆ ಕೆನೆ ಥರ ಆಗುತ್ತದೆ. ತಿರುಳಿನ ಮೇಲೂ ಅದೇ, ಮೇಲಿನ ಗುಂಡಿ ತುಂಬೋಕೂ ಅದೇ. ಗಟ್ಟಿತನ, ಒತ್ತಿದರೆ ಬಾಗುವ ಗುಣ ಎರಡೂ ಡೆಂಟಿನ್‌ಗೆ ಹತ್ತಿರ.

ಕೊರತೆ ಇಲ್ಲವೇ ಅಂದರೆ ಇದೆ. ಹನಿ ಹೆಚ್ಚು ಕಡಿಮೆಯಾದರೆ ಹದ ಕೆಡುತ್ತದೆ. ಎಕ್ಸ್‌ರೇಯಲ್ಲಿ ಡೆಂಟಿನ್ ಥರಾನೇ ಕಾಣುತ್ತದೆ, ಹುಡುಕಬೇಕಾಗುತ್ತದೆ. ಒಂದು ಕ್ಯಾಪ್ಸೂಲ್ ತೆರೆದರೆ ಒಬ್ಬ ರೋಗಿಗೇ ಮುಗಿಯಿತು, ಉಳಿದದ್ದು ಕಸ. ದವಡೆ ಹಲ್ಲಿಗೆ, ಅದೂ 15 ವರ್ಷದ ಹುಡುಗನಿಗೆ ಅಂದರೆ ನನ್ನ ಆಯ್ಕೆ ಇದೇ. ಎಂಟಿಎ ಸಿಕ್ಕರೂ ಸಂತೋಷ. ಒಳ ದವಡೆಯಲ್ಲಿ ಬಣ್ಣ ಯಾರಿಗೂ ಕಾಣುವುದಿಲ್ಲ.

ಬೆಳಗಾವಿ ಲೆಕ್ಕದ ಮೇಷ್ಟ್ರು · ಶನಿವಾರ ಸಂಜೆ

ಎಲ್ಲರೂ ಹೊಸದನ್ನೇ ಹೊಗಳುತ್ತಿದ್ದೀರಿ. ಒಂದೇ ಥರದ ರೋಗಿಗಳಲ್ಲಿ ಎರಡನ್ನೂ ಹೋಲಿಸಿ ನೋಡಿದ ಲೆಕ್ಕ ಇದೆಯಾ? ಬಡವರಿಗೆ ದುಬಾರಿ ವಸ್ತು ಹೇಳುವ ಮುಂಚೆ ಅದನ್ನು ತೋರಿಸಬೇಕು.

ಎಂಡಿಎಸ್ ಎರಡನೇ ವರ್ಷ · ಶನಿವಾರ ರಾತ್ರಿ

ನ್ಯಾಯವಾದ ಪ್ರಶ್ನೆ ಸರ್. ಅಮೆರಿಕದ ವಾಯವ್ಯ ಭಾಗದಲ್ಲಿ ಹಿಲ್ಟನ್ ಮತ್ತು ಜೊತೆಗಾರರು ಕಾಲೇಜಿನಲ್ಲಿ ಅಲ್ಲ, ಮಾಮೂಲಿ ಖಾಸಗಿ ಕ್ಲಿನಿಕ್‌ಗಳಲ್ಲೇ ಇದನ್ನು ಮಾಡಿ ನೋಡಿದರು. 2013ರಲ್ಲಿ ಪ್ರಕಟವಾಯಿತು. ಎರಡು ವರ್ಷದಲ್ಲಿ ಸೋತ ಪ್ರಮಾಣ ಸುಣ್ಣ ಇಟ್ಟ ಹಲ್ಲುಗಳಲ್ಲಿ 31.5 ಶೇಕಡ, ಎಂಟಿಎ ಇಟ್ಟವುಗಳಲ್ಲಿ 19.7 ಶೇಕಡ. ಅಂದರೆ ಎಂಟಿಎಯಿಂದ ಎಲ್ಲ ಹಲ್ಲೂ ಉಳಿಯುವುದಿಲ್ಲ, ಸುಣ್ಣದಿಂದ ಎಲ್ಲ ಹಲ್ಲೂ ಸಾಯುವುದಿಲ್ಲ. ಆದರೂ ನೂರಕ್ಕೆ ಹನ್ನೆರಡು ಹಲ್ಲಿನ ವ್ಯತ್ಯಾಸ ಸಣ್ಣದಲ್ಲ. ಕೆಟ್ಟರೆ ರೂಟ್ ಕೆನಾಲ್, ಆಮೇಲೆ ಕ್ಯಾಪ್. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹುಬ್ಬಳ್ಳಿ ಹಳೇ ಡೆಂಟಿಸ್ಟ್ · ಶನಿವಾರ ರಾತ್ರಿ

ಇದಕ್ಕೆ ಒಂದು ಹಳೆಯ ಪ್ರಯೋಗ ಸೇರಿಸಬೇಕು. ನನ್ನ ಮಟ್ಟಿಗೆ ಇಡೀ ವಿಷಯದ ಬುಡ ಅದೇ. 1965ರಲ್ಲಿ ಕಾಕೆಹಾಶಿ, ಸ್ಟಾನ್ಲಿ, ಫಿಟ್ಜ್‌ಜೆರಾಲ್ಡ್ ಅನ್ನುವ ಮೂವರು ಇಲಿಗಳ ದವಡೆ ಹಲ್ಲಿನ ತಿರುಳು ತೆರೆದು, ಏನೂ ಮುಚ್ಚದೆ ಹಾಗೇ ಬಿಟ್ಟರು. ಮಾಮೂಲಿ ಇಲಿಗಳಲ್ಲಿ ತಿರುಳು ಕೊಳೆತು ಕೀವಾಯಿತು. ಹುಟ್ಟಿದಾಗಿನಿಂದ ಒಂದೂ ಬ್ಯಾಕ್ಟೀರಿಯಾ ಸೋಂಕದ ಹಾಗೆ ಸಾಕಿದ ಇಲಿಗಳಲ್ಲಿ ಏನಾಯ್ತು? ಗಾಯದಲ್ಲಿ ಊಟದ ಚೂರು ಮೆತ್ತಿಕೊಂಡಿದ್ದರೂ ತಿರುಳು ತಾನೇ ಸೇತುವೆ ಕಟ್ಟಿಕೊಂಡಿತು. ಸುಣ್ಣವೂ ಇಲ್ಲ, ಸಿಮೆಂಟೂ ಇಲ್ಲ.

ಇದನ್ನು ಓದಿದ ಮೇಲೆ ನಾನು ಮೊದಲು ಕೊಂಡದ್ದು ರಬ್ಬರ್ ಡ್ಯಾಮ್. ಹಲ್ಲಿನ ಸುತ್ತ ರಬ್ಬರ್ ಹಾಳೆ ಹಾಕಿ ಎಂಜಲು ತಡೆಯುವುದು. ಕಡೂರಿನ ತಂಗಿ, ಸೋಮವಾರ ನಿಮ್ಮ ಡಾಕ್ಟ್ರು ಅದನ್ನು ಹಾಕುತ್ತಾರಾ ಕೇಳಿ. ಎಂಜಲು ಬಿದ್ದ ಗಾಯದ ಮೇಲೆ ಎಷ್ಟು ದುಬಾರಿ ವಸ್ತು ಇಟ್ಟರೂ ಅಷ್ಟೇ.

ಶಿರಸಿ ಮಾವಿನಕಾಯಿ · ಭಾನುವಾರ ಬೆಳಿಗ್ಗೆ

ಲವಂಗದ ಎಣ್ಣೆ ಹಾಕಿದ ಬಿಳಿ ಫಿಲ್ಲಿಂಗ್ ಒಂದು ಇತ್ತಲ್ಲ? ನನಗೆ ಚಿಕ್ಕವಳಿದ್ದಾಗ ಹಾಕಿದ್ದರು, ನೋವು ಮಾಯವಾಗಿತ್ತು. ಅದನ್ನೇ ಇಡಬಾರದಾ?

ದಂತವೈದ್ಯೆ ದಾವಣಗೆರೆ · ಭಾನುವಾರ ಬೆಳಿಗ್ಗೆ

ಜಿಂಕ್ ಆಕ್ಸೈಡ್ ಯೂಜೆನಾಲ್. ಡೆಂಟಿನ್ ಪದರ ಮಧ್ಯೆ ಇದ್ದಾಗ ಅದು ತಿರುಳನ್ನು ತಣ್ಣಗಿಡುತ್ತದೆ, ಹಾಗಾಗಿ ನಿಮಗೆ ಹಿತವಾಯ್ತು. ನೇರ ತಿರುಳಿಗೆ ತಗುಲಿದರೆ ಯೂಜೆನಾಲ್ ಜೀವಕೋಶಗಳಿಗೆ ವಿಷ. ಉರಿಯೂತ ಹಾಗೇ ಉಳಿಯುತ್ತದೆ, ಸೇತುವೆ ಕಟ್ಟುವುದಿಲ್ಲ. ನೋವು ಹೋಯ್ತು ಅಂದರೆ ವಾಸಿಯಾಯ್ತು ಅಂತಲ್ಲ. ಗ್ಲಾಸ್ ಅಯಾನೋಮರ್ ಕೂಡ ನೇರ ತಿರುಳಿನ ಮೇಲೆ ಬೇಡ, ಸಿಮೆಂಟಿನ ಮೇಲೆ ಎರಡನೇ ಪದರವಾಗಿ ಮಾತ್ರ. 90ರ ದಶಕದಲ್ಲಿ ಕಾಂಪೋಸಿಟ್ (ಹಲ್ಲಿನ ಬಣ್ಣದ ಫಿಲ್ಲಿಂಗ್) ಅಂಟಿಸುವ ಬಾಂಡಿಂಗ್ ದ್ರವವನ್ನೇ ನೇರ ತಿರುಳಿಗೆ ಹಚ್ಚುವ ಅಭ್ಯಾಸ ಬಂದಿತ್ತು, ಅದರಲ್ಲಿ ಗಟ್ಟಿಯಾಗದೆ ಉಳಿದ ರೆಸಿನ್ ಅನ್ನುವ ಅಂಟು ತಿರುಳಿಗೆ ಕಿರಿಕಿರಿ ಮಾಡಿತು, ಬಿಟ್ಟರು. ಲೈಟ್ ಹಾಕಿ ಗಟ್ಟಿ ಮಾಡುವ ಥೆರಾಕಲ್ ಬಳಸೋಕೆ ಬಹಳ ಸುಲಭ. ಆದರೆ ಅದರಲ್ಲೂ ರೆಸಿನ್ ಇರುವುದರಿಂದ ತೆರೆದ ತಿರುಳಿಗೆ ನಾನು ಹಾಕುವುದಿಲ್ಲ, ತೆರೆಯದ ಕಡೆ ಹಾಕುತ್ತೇನೆ.

ಕಡೂರಿನ ಅಮ್ಮ · ಸೋಮವಾರ ರಾತ್ರಿ

ಎಲ್ಲರಿಗೂ ಕೈ ಮುಗಿಯುತ್ತೇನೆ. ಬಯೋಡೆಂಟಿನ್ ತರಿಸಿ ಅಂತ ಶನಿವಾರವೇ ಫೋನ್ ಮಾಡಿದ್ದೆ. ನಿಮ್ಮ ಪ್ರಶ್ನೆಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಚೀಟಿ ಪೂರ್ತಿ ಓದಿ, "ತೆರೆಯದ ಹಾಗೇ ನೋಡ್ತೀನಮ್ಮ, ಗ್ಯಾರಂಟಿ ಕೊಡಲಾರೆ" ಅಂದರು. ಹಸಿರು ರಬ್ಬರ್ ಹಾಳೆ ಹಾಕಿದರು. ಅರ್ಧ ಗಂಟೆ ನಿಧಾನವಾಗಿ ಕೆರೆದರು. ಮೆತ್ತನೆ ಭಾಗ ಸ್ವಲ್ಪ ಬಿಟ್ಟಿದ್ದರು, ಆದರೂ ಒಂದು ಮೂಲೆಯಲ್ಲಿ ಕೆಂಪು ಕಾಣಿಸಿತು. ನನ್ನನ್ನು ಕರೆದು ಕನ್ನಡಿಯಲ್ಲಿ ತೋರಿಸಿದರು. ಸೂಜಿ ಚುಚ್ಚಿದ ಹಾಗೆ ಒಂದು ಚುಕ್ಕೆ, ಅದರಿಂದ ಕೆಂಪಗೆ ರಕ್ತ ಒಸರುತ್ತಿತ್ತು. ಹೈಪೋಕ್ಲೋರೈಟ್ ಅದ್ದಿದ ಹತ್ತಿ ಉಂಡೆ ಇಟ್ಟು ಗಡಿಯಾರ ನೋಡುತ್ತಾ ಕೂತರು. ನಾಲ್ಕು ನಿಮಿಷಕ್ಕೆ ಹತ್ತಿ ತೆಗೆದಾಗ ರಕ್ತ ನಿಂತಿತ್ತು. "ಇದು ಒಳ್ಳೆ ಲಕ್ಷಣ" ಅಂದರು. ಆಮೇಲೆ ಬಯೋಡೆಂಟಿನ್ ಇಟ್ಟು, ಅದು ಹಿಡಿದುಕೊಂಡ ಮೇಲೆ ಫಿಲ್ಲಿಂಗ್ ಮುಗಿಸಿದರು.

ರಕ್ತ ಯಾಕೆ ನೋಡಿದರು ಅಂತ ಕೇಳೋಕೆ ಮರೆತೆ.

ದಂತವೈದ್ಯೆ ದಾವಣಗೆರೆ · ಸೋಮವಾರ ರಾತ್ರಿ

ಒಳ್ಳೆಯ ಡಾಕ್ಟ್ರು ಸಿಕ್ಕಿದ್ದಾರೆ ನಿಮಗೆ. ಒಳಗಿನ ಉರಿಯೂತ ಎಷ್ಟಿದೆ ಅನ್ನುವುದನ್ನು ಕಣ್ಣಿಗೆ ತೋರಿಸುವುದು ಆ ರಕ್ತ. ಐದರಿಂದ ಹತ್ತು ನಿಮಿಷದೊಳಗೆ ನಿಂತರೆ ತಿರುಳಿನ ಮೇಲ್ಭಾಗ ಆರೋಗ್ಯವಾಗಿದೆ ಅಂತ ಲೆಕ್ಕ. ನಿಲ್ಲದಿದ್ದರೆ ಅದರ ಮೇಲೆ ಸಿಮೆಂಟ್ ಇಡುವುದರಲ್ಲಿ ಅರ್ಥವಿಲ್ಲ. ಕೆಟ್ಟ ಭಾಗವನ್ನು ಎರಡು ಮಿಲಿಮೀಟರ್‌ನಷ್ಟು, ಬೇಕಿದ್ದರೆ ಬೇರಿನ ಬಾಯಿಯವರೆಗೂ ತೆಗೆದು ಕೆಳಗಿನ ಒಳ್ಳೆಯ ತಿರುಳಿನ ಮೇಲೆ ಇಡುತ್ತೇವೆ. ಇದಕ್ಕೆ ಪಲ್ಪಾಟಮಿ ಅನ್ನುತ್ತೇವೆ. ಸ್ವೀಡನ್ನಿನ ಸ್ವೆಕ್ 1978ರಲ್ಲಿ ಬಿದ್ದು ಮುರಿದ ಹಲ್ಲುಗಳಲ್ಲಿ ಹೀಗೆ ಸ್ವಲ್ಪವೇ ತಿರುಳು ತೆಗೆದು ಸುಣ್ಣ ಇಟ್ಟರು. 96 ಶೇಕಡ ಹಲ್ಲು ಉಳಿದವು. ಸುಣ್ಣದಿಂದಲೇ! ಒಳ್ಳೆಯ ತಿರುಳಿನ ಮೇಲೆ ಇಟ್ಟದ್ದಕ್ಕೆ ಆ ಫಲ.

ಒಂದೆರಡು ದಿನ ತಣ್ಣಗಿನದಕ್ಕೆ ಜುಮ್ ಅನ್ನಬಹುದು, ಹೆದರಬೇಡಿ. ನೋವು ಏರುತ್ತಾ ಹೋದರೆ, ರಾತ್ರಿ ಎಬ್ಬಿಸಿದರೆ, ಕಚ್ಚಿದಾಗ ನೋವಾದರೆ, ಒಸಡಲ್ಲಿ ಗುಳ್ಳೆ ಬಂದರೆ ಕಾಯಬೇಡಿ. ನೋವಿಲ್ಲದಿದ್ದರೂ ಚೆಕಪ್ ತಪ್ಪಿಸಬೇಡಿ, ಸಾಯುವ ಹಲ್ಲು ಕೆಲವು ಸಲ ಸದ್ದೇ ಮಾಡುವುದಿಲ್ಲ.

ಹಾಸನ ಮೇಸ್ತ್ರಿ · ಮಂಗಳವಾರ

ಮೇಡಂ, ನನ್ನ ಮಗಳಿಗೆ ಆರು ವರ್ಷ. ಹಾಲು ಹಲ್ಲು ಹುಳುಕಾಗಿದೆ. ಬೀಳುವ ಹಲ್ಲಿಗೂ ಇದೆಲ್ಲ ಬೇಕಾ?

ದಂತವೈದ್ಯೆ ದಾವಣಗೆರೆ · ಮಂಗಳವಾರ

ಬೇಕು ಅಣ್ಣ. ಹಾಲು ದವಡೆ ಹಲ್ಲು ಹತ್ತು ಹನ್ನೊಂದು ವರ್ಷದವರೆಗೂ ಜಾಗ ಕಾಯಬೇಕು. ಬೇಗ ಕೀಳಿಸಿದರೆ ಪಕ್ಕದ ಹಲ್ಲು ವಾಲಿಕೊಂಡು ಹೊಸ ಹಲ್ಲು ಸೊಟ್ಟಗೆ ಬರುತ್ತದೆ. ಹುಳುಕಿನಿಂದ ತಿರುಳು ತೆರೆದ ಹಾಲು ಹಲ್ಲಿಗೆ ನಾನು ಪಲ್ಪಾಟಮಿ ಮಾಡಿ ಎಂಟಿಎ ಅಥವಾ ಬಯೋಡೆಂಟಿನ್ ಇಡುತ್ತೇನೆ. ಹಿಂದೆ ಫಾರ್ಮೊಕ್ರೆಸಾಲ್ ಅನ್ನುವ ಔಷಧಿ ಮುಟ್ಟಿಸುತ್ತಿದ್ದರು. ಅದರಲ್ಲಿರುವುದು ಫಾರ್ಮಾಲ್ಡಿಹೈಡ್, ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿದೆ. ಏನು ಹಾಕುತ್ತೀರಿ ಅಂತ ಕೇಳಿ, ಕೇಳುವುದು ನಿಮ್ಮ ಹಕ್ಕು.

ಕಡೂರಿನ ಅಮ್ಮ · ಮೂರು ತಿಂಗಳ ನಂತರ

ಇವತ್ತು ಚೆಕಪ್ ಆಯ್ತು. ಡಾಕ್ಟ್ರು ಹತ್ತಿಗೆ ತಣ್ಣನೆ ಸ್ಪ್ರೇ ಹೊಡೆದು ಹಲ್ಲಿಗೆ ಮುಟ್ಟಿಸಿದರು. ಮಗ "ಹಾಂ, ತಣ್ಣಗಾಯ್ತು" ಅಂದ, ಹತ್ತಿ ತೆಗೆದ ತಕ್ಷಣ "ಹೋಯ್ತು" ಅಂದ. ಎಡಗಡೆಯ ಒಳ್ಳೆ ಹಲ್ಲಿಗೂ ಮುಟ್ಟಿಸಿದರು, ಅಲ್ಲೂ ಅಷ್ಟೇ. ಕೈಯಿಂದ ಹಲ್ಲು ತಟ್ಟಿ ನೋಡಿದರು, ನೋವಿಲ್ಲ. ಎಕ್ಸ್‌ರೇಯಲ್ಲಿ ಮೇಡಂ ಹೇಳಿದ ಹಾಗೆ ಬಯೋಡೆಂಟಿನ್ ಎಲ್ಲಿದೆ ಅಂತ ನನಗೆ ಗೊತ್ತಾಗಲೇ ಇಲ್ಲ. ಡಾಕ್ಟ್ರು ಪೆನ್ಸಿಲ್ ತುದಿಯಿಂದ ಸುತ್ತ ಗೆರೆ ಎಳೆದು ತೋರಿಸಿದರು. ಬೇರಿನ ತುದಿ ಸ್ವಚ್ಛವಾಗಿದೆಯಂತೆ. ಇನ್ನು ಆರು ತಿಂಗಳಿಗೆ ಒಂದು ಸಲ, ಆಮೇಲೆ ವರ್ಷಕ್ಕೊಂದು ಸಲ ಬರಬೇಕು ಅಂದಿದ್ದಾರೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.